ಮೊದಲು ಸಾಮಾನು, ಆಮೇಲೆ ನಕ್ಷೆ: ಚಿರೆಕಲ್ಲು, ಮಣ್ಣು, ಹಳೆ ಹಂಚಿನಲ್ಲಿ ಕಡಿಮೆ ಖರ್ಚಿನ ಮನೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೆಯ ಹಂಚಿನ ಮನೆ ಬಿಚ್ಚಿ ಟೆರೇಸ್ ಮನೆ ಕಟ್ಟುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ. ಬಿಚ್ಚಿದ ಪಕಾಸು (ಛಾವಣಿಯ ಇಳಿಜಾರಿನ ಉದ್ದ ಮರ), ರೀಪು (ಹಂಚು ಕೂರುವ ಅಡ್ಡಪಟ್ಟಿ), ದಾರಂದ (ಬಾಗಿಲ ಚೌಕಟ್ಟು), ಕಿಟಕಿ ಅಂಗಳದ ಮೂಲೆಯಲ್ಲಿ ಒಂದು ಮಳೆಗಾಲ ನೆನೆದರೆ ಸೌದೆ. ಮಳೆಗೆ ಮೊದಲು ಯಾರಾದರೂ ಕೊಂಡು ಸೂರಿನಡಿ ಒಟ್ಟಿಟ್ಟರೆ ಅದೇ ಇನ್ನೊಂದು ಮನೆ.

ಹಳೆ ಸಾಮಾನು ಬಳಸಿಯೂ ದುಡ್ಡು ಉಳಿಯಲಿಲ್ಲ ಎನ್ನುವವರು ಹೆಚ್ಚಾಗಿ ಕೆಲಸದ ಕ್ರಮವನ್ನೇ ತಿರುವುಮುರುವು ಮಾಡಿರುತ್ತಾರೆ. ಮೊದಲು ನಕ್ಷೆ ಬರೆಸಿ, ಆ ಅಳತೆಗೆ ಹಳೆ ಮರ ಹುಡುಕಲು ಹೊರಡುತ್ತಾರೆ. ನಕ್ಷೆ 16 ಅಡಿ ಪಕಾಸು ಕೇಳುತ್ತದೆ, ಸಿಗುವುದು 12 ಅಡಿಯದು. ಕೊನೆಗೆ ಹೊಸ ಮರ ಕೊಯ್ಸುತ್ತಾರೆ, ಹಳೆಯದು ಹಾಗೇ ಉಳಿಯುತ್ತದೆ. ಈ ಬಗೆಯ ಮನೆಗೆ ಸಾಮಾನು ಮೊದಲು ಬರಬೇಕು. ಕೈಗೆ ಸಿಕ್ಕ ಪಕಾಸಿನ ಉದ್ದವೇ ಮನೆಯ ಅಗಲವನ್ನು ಹೇಳುತ್ತದೆ.

ಲೆಕ್ಕ ಕಷ್ಟದ್ದಲ್ಲ. ನಮ್ಮ ಮಳೆಗೆ ಮಾಡಿನ (ಛಾವಣಿಯ) ಇಳಿಜಾರು 10 ಅಡಿಗೆ ಆರೂವರೆ ಅಡಿ ಏರಬೇಕು, ಅಂದರೆ ಸುಮಾರು 33 ಡಿಗ್ರಿ. ಈ ಓರೆಯಲ್ಲಿ 12 ಅಡಿಯ ಪಕಾಸು ನೆಲದ ಮೇಲೆ ಮುಚ್ಚುವುದು 10 ಅಡಿ. ಅದರಲ್ಲಿ 3 ಅಡಿ ಗೋಡೆಯಾಚೆ ಸೂರಿಗೆ ಬಿಟ್ಟರೆ ಉಳಿದದ್ದು 7 ಅಡಿ. ಎರಡೂ ಕಡೆ ಸೇರಿ ಮನೆಯ ಹೊರಗಿನ ಅಗಲ 14 ಅಡಿ. ಉದ್ದ ಎಷ್ಟು ಬೇಕಾದರೂ ಎಳೆಯಬಹುದು. ಇಲ್ಲಿ 14 ಅಡಿ ಅಗಲ, 32 ಅಡಿ ಉದ್ದದ ಮೂರು ಅಂಕಣದ ಮನೆಯನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇವೆ. ಗೋಡೆ 9 ಇಂಚು ದಪ್ಪವಾದರೆ ಒಳಗೆ ಪ್ರತಿ ಅಂಕಣ ಹನ್ನೆರಡೂವರೆ ಅಡಿಗೆ 9 ಅಡಿ 8 ಇಂಚು. ಗಂಡ, ಹೆಂಡತಿ, ಎರಡು ಮಕ್ಕಳಿಗೆ ಸಾಕಾಗುವ ಮನೆ.

ಕಾಗದಪತ್ರ ಮೊದಲೇ ಮುಗಿಸಿ. ಕೃಷಿ ಜಮೀನಾದರೆ ಭೂ ಪರಿವರ್ತನೆ, ಪಂಚಾಯತಿಯ ಪರವಾನಿಗೆ, ಸಮುದ್ರ ಅಥವಾ ಉಬ್ಬರದ ನೀರು ಬರುವ ಹೊಳೆ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ. ಹಳೆ ಮರ ಕೊಳ್ಳುವಾಗ ಇನ್ನೊಂದು ಕೆಲಸವಿದೆ: ಲಾರಿ ಹತ್ತಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಸಾಗಾಟದ ಪಾಸು ವಿಚಾರಿಸಿ. ಬಿಚ್ಚಿದ ಮನೆಯ ಮರವಾದರೂ ಸಾಗವಾನಿ, ಹೊನ್ನೆ, ಬೀಟೆ ಎಂದರೆ ತನಿಖಾ ಠಾಣೆಯಲ್ಲಿ ಲಾರಿ ನಿಲ್ಲುತ್ತದೆ. ಬಿಚ್ಚುವ ಮುಂಚೆ ಆ ಮನೆಯ ಫೋಟೋ, ಮಾಲೀಕರ ಸಹಿ ಇರುವ ಚೀಟಿ ಇಟ್ಟುಕೊಂಡರೆ ಮಾತು ಸುಲಭ.

ವರ್ಷದ ಲೆಕ್ಕ

ಕೆಲಸ ಒಂದೇ ಬೇಸಿಗೆಯಲ್ಲಿ ಆಗುವುದಲ್ಲ. ಮೊದಲ ಬೇಸಿಗೆಯಲ್ಲಿ ಮರ, ಹಂಚು, ದಾರಂದ, ಚಿರೆಕಲ್ಲು (ಜಂಬಿಟ್ಟಿಗೆ) ಕೊಂಡು ಒಟ್ಟಬೇಕು. ಮಳೆಗಾಲದಲ್ಲಿ ಮರದ ಕೆಲಸವನ್ನು ಸೂರಿನಡಿ ಮಾಡಿಸಬಹುದು, ಆಗ ಆಚಾರಿಗಳಿಗೂ ಬಿಡುವಿರುತ್ತದೆ. ನವೆಂಬರ್‌ನಲ್ಲಿ ಪಂಚಾಂಗ (ಮನೆಯ ತಳಪಾಯ), ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗೋಡೆ, ಮಾರ್ಚ್‌ನಲ್ಲಿ ಮಾಡು, ಏಪ್ರಿಲ್‌ನಲ್ಲಿ ಗಾರೆ ಮತ್ತು ನೆಲ. ಮೇ ಮಧ್ಯದ ಗುಡುಗು ಮಳೆಗೆ ಮೊದಲು ಹಂಚು ಹೊದೆಸಿ ಆಗಿರಲೇಬೇಕು. ಮಣ್ಣಿನ ಗೋಡೆ ಏಳಿಸಿ ಮೇಲೆ ಮಾಡು ಇಲ್ಲದೆ ಜೂನ್ ಎದುರಿಸಿದವರ ಗೋಡೆ ಬುಡದಿಂದ ಕರಗುತ್ತದೆ. ಪ್ಲಾಸ್ಟಿಕ್ ಹೊದೆಸಿದರೂ ಗಾಳಿಗೆ ನಿಲ್ಲುವುದಿಲ್ಲ.

ಚಿರೆಕಲ್ಲಿಗೂ ಈ ಒಂದು ಮಳೆಗಾಲ ಬೇಕು. ಕ್ವಾರಿಯಿಂದ ಆಗಷ್ಟೇ ಕೊಯ್ದು ತಂದ ಕಲ್ಲು ಮೆದು, ಕೊಡಲಿಗೆ ಬೆಣ್ಣೆಯ ಹಾಗೆ ಕೆತ್ತಿಸಿಕೊಳ್ಳುತ್ತದೆ. ಗಾಳಿ, ಬಿಸಿಲಿಗೆ ಒಳಗಿನ ತೇವ ಹೋಗಿ ಕಬ್ಬಿಣದ ಅಂಶ ಬಿಗಿಯುತ್ತಾ ಬಂದಂತೆ ಗಟ್ಟಿಯಾಗುತ್ತದೆ. ಒಂದು ಮಳೆ ಕಂಡ ಕಲ್ಲಿನಲ್ಲಿ ಇನ್ನೊಂದು ಲಾಭವೂ ಇದೆ: ಒಳಗೆ ಬಿಳಿ, ಹಳದಿ ಶೇಡಿಯ (ಮೆದು ಜೇಡಿಮಣ್ಣಿನ) ಗಂಟು ಇದ್ದರೆ ಮಳೆಗೆ ತೊಳೆದು ಹೋಗಿ ತೂತು ಕಾಣುತ್ತದೆ. ಅಂಥ ಕಲ್ಲನ್ನು ಗೋಡೆಗೆ ಇಡದೆ ಅಂಗಳದ ಕಟ್ಟೆಗೆ ಹಾಕಿ.

ಹಳೆ ಹಂಚು ಆರಿಸುವುದು

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಆಮೇಲೆ ಕರಾವಳಿಯುದ್ದಕ್ಕೂ ಬೇರೆ ಬೇರೆ ಕಾರ್ಖಾನೆಗಳು ಹುಟ್ಟಿದವು. ಪ್ರತಿ ಹಂಚಿನ ಬೆನ್ನಿಗೆ ಆಯಾ ಕಾರ್ಖಾನೆಯ ಗುರುತು ಇರುತ್ತದೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ. ಎಲ್ಲವೂ ಮಂಗಳೂರು ಹಂಚೇ ಆದರೂ ಒಂದರ ಗಾಡಿ (ಅಂಚಿನ ತೋಡು) ಇನ್ನೊಂದರ ಅಂಚಿಗೆ ಸರಿಯಾಗಿ ಕೂರುವುದಿಲ್ಲ. ಕಾಲು ಇಂಚಿನ ವ್ಯತ್ಯಾಸ ಸಾಕು, ಗಾಳಿ ಮಳೆಗೆ ನೀರು ಒಳಗೆ ನುಗ್ಗುತ್ತದೆ. ಗುರುತಿನ ಪ್ರಕಾರ ರಾಶಿ ಬೇರೆ ಮಾಡಿ, ಒಂದು ಬದಿಯ ಮಾಡಿಗೆ ಒಂದೇ ಗುರುತಿನ ಹಂಚು ಹಾಕಿ.

ಇನ್ನು ಬಿಡಿಬಿಡಿಯಾಗಿ ಪರೀಕ್ಷೆ. ಹಂಚಿನ ಒಂದು ಮೂಲೆಯನ್ನು ಎರಡೇ ಬೆರಳಲ್ಲಿ ಹಿಡಿದು ತೂಗಾಡುವಂತೆ ಬಿಡಿ. ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ನಡುವೆ ತಟ್ಟಿ. ಒಳ್ಳೆಯ ಹಂಚು ಕಂಚಿನ ಬಟ್ಟಲಿನ ಹಾಗೆ ಟಣ್ ಎಂದು ಸದ್ದು ಮಾಡಿ ಕ್ಷಣ ಹೊತ್ತು ಗುಂಯ್ಗುಡುತ್ತದೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಸದ್ದು ಪೊಳ್ಳಾಗಿ ಅಲ್ಲೇ ಸಾಯುತ್ತದೆ. ಹತ್ತು ಹಂಚು ತಟ್ಟುವಷ್ಟರಲ್ಲಿ ಕಿವಿ ಪಳಗುತ್ತದೆ. ಆಮೇಲೆ ರಾಶಿಯಿಂದ ನಾಲ್ಕೈದು ಹಂಚನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿ ಮುಳುಗಿಸಿ, ಮೈ ಒರೆಸಿ ಮತ್ತೆ ತೂಗಿ. ಒಣಗಿದಾಗ ಎರಡೂವರೆ ಕಿಲೋ ಇದ್ದದ್ದು ನೆನೆದಾಗ 3 ಕಿಲೋ ದಾಟಿದರೆ ಆ ರಾಶಿಯೇ ಬೇಡ. ಅಷ್ಟು ನೀರು ಕುಡಿಯುವ ಹಂಚು ಮಳೆಗಾಲವಿಡೀ ಒದ್ದೆಯಾಗಿದ್ದು ಕೆಳಗಿನ ರೀಪನ್ನೂ ಕೊಳೆಸುತ್ತದೆ.

ನಮ್ಮ ಅಳತೆಯ ಮನೆಗೆ ಮಾಡಿನ ಉದ್ದ ಎರಡೂ ತುದಿಗೆ ಎರಡೆರಡು ಅಡಿ ಹೊರಚಾಚು ಸೇರಿ 36 ಅಡಿ, ಪ್ರತಿ ಇಳಿಜಾರು 12 ಅಡಿ, ಒಟ್ಟು 864 ಚದರ ಅಡಿ. ನೂರು ಚದರ ಅಡಿಗೆ ಸುಮಾರು 140 ಹಂಚು ಬೇಕು, ಅಂದರೆ 1,200. ಸಾಗಾಟದಲ್ಲಿ ಒಡೆಯುವುದು, ಮುಂದಿನ ರಿಪೇರಿ ಎಲ್ಲ ಸೇರಿ 1,350 ಕೊಳ್ಳಿ. ನೆತ್ತಿಯ ಹಂಚು 32 ಸಾಕು. ಮಾಡಿನ ಮೇಲೆ ಇರುವಾಗಲೇ ಹಂಚಿನ ವ್ಯಾಪಾರ ಮಾಡಿದರೆ ಮೊದಲೇ ಮಾತಾಡಿ: ನೆಲಕ್ಕಿಳಿಸಿ, ತಟ್ಟಿ ಆರಿಸಿದ ಹಂಚಿನ ಎಣಿಕೆಗೆ ಮಾತ್ರ ದುಡ್ಡು. ಇಳಿಸುವಾಗ ಒಡೆದದ್ದು ನಿಮ್ಮ ಲೆಕ್ಕಕ್ಕೆ ಬರಬಾರದು. ಒಡೆದ ಹಂಚನ್ನೂ ಎಸೆಯಬೇಡಿ, ನೆಲದ ಕೆಳಗೆ ಹಾಕಲು ಬೇಕು. ಪಾಚಿಗೆ ತಂತಿ ಬ್ರಶ್ಶು, ನೀರು ಸಾಕು, ಆಸಿಡ್ ಹಾಕಿದರೆ ಹಂಚಿನ ಮೈ ತರಿಯಾಗಿ ಪಾಚಿ ಇನ್ನೂ ಬೇಗ ಹಿಡಿಯುತ್ತದೆ.

ಹಳೆ ಮರ

ಮತ್ತಿ, ಹೊನ್ನೆ, ನಂದಿ, ಹಲಸು, ಸಾಗವಾನಿ, ಇವು ಹಳೆ ಮನೆಗಳಲ್ಲಿ ಸಾಮಾನ್ಯ. ಹೊಗೆ ಹಿಡಿದು ಕಪ್ಪಾದ ಅಡುಗೆಮನೆಯ ಪಕಾಸನ್ನು ಜನ ಬೇಡ ಎನ್ನುತ್ತಾರೆ. ಅದೇ ಹೆಚ್ಚು ಗಟ್ಟಿ ಇರುವುದು, ಹೊಗೆಗೆ ಹುಳ ಹತ್ತುವುದಿಲ್ಲ. ನೋಡಬೇಕಾದದ್ದು ತುದಿಗಳನ್ನು: ಗೋಡೆಯ ಮೇಲೆ ಕೂತಿದ್ದ ಜಾಗ, ಸೂರಿನ ತುದಿ. ಚೂಪಾದ ಮೊಳೆಯಿಂದ ಒತ್ತಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಅಷ್ಟು ಉದ್ದ ಕತ್ತರಿಸಿ ಲೆಕ್ಕ ಹಾಕಿ. ಕೆಳಗೆ ಹಿಟ್ಟು ಉದುರುತ್ತಿದ್ದರೆ ಕುಟ್ಟೆ (ಮರ ಕೊರೆಯುವ ಹುಳ) ಹಿಡಿದಿದೆ. ಹೊರಗಿನ ಬಿಳಿಮರ ಮಾತ್ರ ತಿಂದಿದ್ದರೆ ಕೆತ್ತಿ ತೆಗೆದು ಬಳಸಬಹುದು, ತಿರುಳಿಗೆ ಹೋಗಿದ್ದರೆ ಬಿಡಿ.

2 ಇಂಚು ಅಗಲ, 4 ಇಂಚು ಎತ್ತರದ 12 ಅಡಿಯ ಪಕಾಸು 2 ಅಡಿಗೊಂದರಂತೆ ಪ್ರತಿ ಬದಿಗೆ 19, ಒಟ್ಟು 38 ಬೇಕು. ರೀಪು ಸುಮಾರು 1,000 ಅಡಿ. ನೆತ್ತಿಯ ತೊಲೆ 4 ಇಂಚು ಅಗಲ, 6 ಇಂಚು ಎತ್ತರ. ಅಂಕಣದ ಗೋಡೆಯಿಂದ ಗೋಡೆಗೆ ಕೂರುವುದರಿಂದ ನಡು ಅಂಕಣಕ್ಕೆ ಹತ್ತೂವರೆ, ಹನ್ನೊಂದು ಅಡಿಯ ತುಂಡೇ ಸಾಕು, ಎರಡು ಅಡಿ ಹೊರಚಾಚು ಇರುವ ಕೊನೆಯ ಅಂಕಣಗಳಿಗೆ ಸುಮಾರು 13 ಅಡಿ ಬೇಕು. ಜೋಡಣೆ ಯಾವಾಗಲೂ ಗೋಡೆಯ ಮೇಲೆ ಬರಲಿ, ನಡು ಅಂಕಣದಲ್ಲಿ ಬೇಡ. ಹಳೆಯ ಮೊಳೆಗಳನ್ನೆಲ್ಲ ಕಿತ್ತೇ ಗರಗಸಕ್ಕೆ ಕೊಡಿ.

ಸ್ವಚ್ಛ ಮಾಡಿದ ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಎರಡು ಸಲ ಬಳಿಯಿರಿ. ಒರಲೆಗೆ (ಗೆದ್ದಲಿಗೆ) ಇದಕ್ಕಿಂತ ಅಗ್ಗದ ಮದ್ದು ನಮ್ಮ ಕಡೆ ಇಲ್ಲ. ಮೈಗೆ ತಾಗಿದರೆ ಸುಟ್ಟು ಬೊಬ್ಬೆ ಏಳುತ್ತದೆ, ಆದ್ದರಿಂದ ರಬ್ಬರ್ ಕೈಗವಸು, ತೋಳು ಮುಚ್ಚುವ ಅಂಗಿ ಬೇಕೇ ಬೇಕು. ಮೊದಲ ಸಲ ಬಳಿದದ್ದು ಪೂರ್ತಿ ಒಣಗಿದ ಮೇಲೆಯೇ ಎರಡನೆಯದು.

ಅಡಿಕೆ ದಬ್ಬೆಯನ್ನು (ಸೀಳಿದ ಅಡಿಕೆ ಮರವನ್ನು) ರೀಪಾಗಿ ಬಳಸುವ ಆಸೆ ಎಲ್ಲರಿಗೂ ಬರುತ್ತದೆ, ತೋಟದಲ್ಲೇ ಸಿಗುವುದಲ್ಲವೇ. ಕೊಟ್ಟಿಗೆಗೆ, ಸೋಗೆ ಹೊದೆಸಿದ ಚಪ್ಪರಕ್ಕೆ ಸರಿ. ಹಂಚಿನ ಭಾರದ ಕೆಳಗೆ ಕೆಲವೇ ವರ್ಷದಲ್ಲಿ ಬಾಗಿ ಹಂಚಿನ ಸಾಲು ಅಲೆ ಅಲೆಯಾಗುತ್ತದೆ.

ಹಳೆಯದು ಕೊಳ್ಳಲೇಬಾರದ ಸಾಮಾನೂ ಇವೆ: ಕರೆಂಟಿನ ವೈರು, ನೀರಿನ ಪೈಪು, ತುಕ್ಕು ಹಿಡಿದ ಸರಳು, ಹಳೆಯ ಆಸ್ಬೆಸ್ಟಾಸ್ ಸಿಮೆಂಟ್ ಶೀಟು. ಈ ಶೀಟನ್ನು ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ.

ದಾರಂದ, ಕಿಟಕಿಗಳನ್ನು ಗೋಡೆ ಏಳುವ ಮೊದಲೇ ತಂದು ಅಳತೆ ಬರೆದಿಡಿ. ಹಳೆ ಮನೆಯ ಬಾಗಿಲು ಹಲವು ಸಲ ಐದೂವರೆ ಅಡಿಯಷ್ಟೇ ಎತ್ತರ, ತಲೆ ತಗ್ಗಿಸಿ ಒಳಗೆ ಬರುವ ಲೆಕ್ಕದ್ದು. ದಾರಂದದ ಮೇಲೆ ಒಂದು ಅಡಿಯ ಜಾಲರಿ ಕೂರಿಸಿ ಎತ್ತರ ಮಾಡಿದರೆ ಗಾಳಿಯೂ ಆಡುತ್ತದೆ. ಕತ್ತರಿಸಿ ಸೇರಿಸಲು ಹೋದರೆ ಕೆತ್ತನೆಯೂ ಹಾಳು, ಗಟ್ಟಿಯೂ ಇಲ್ಲ.

ಜಾಗ, ನೀರು, ಪಂಚಾಂಗ

ಗುಡ್ಡದ ಬುಡ ಕಡಿದು ಸಮತಟ್ಟು ಮಾಡಿದ ಜಾಗದ ಬಗ್ಗೆ ಎಚ್ಚರ ಬೇಕು. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವ ಹೋದದ್ದನ್ನು ಜಿಲ್ಲೆ ಮರೆತಿಲ್ಲ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೆಕಲ್ಲಿನ ಪದರ, ಅದರ ಕೆಳಗೆ ಹಲವು ಕಡೆ ಮೆದುವಾದ ಶೇಡಿ. ಮೇಲಿನಿಂದ ಇಳಿದ ನೀರು ಶೇಡಿಯನ್ನು ತಲುಪಿ ಅದನ್ನು ಬೆಣ್ಣೆ ಮಾಡುತ್ತದೆ. ಕಡಿದ ಧರೆಯಲ್ಲಿ (ಗುಡ್ಡ ಕಡಿದಾಗ ನಿಂತ ಮಣ್ಣಿನ ಗೋಡೆಯಲ್ಲಿ) ಬಿಳಿ, ಗುಲಾಬಿ ಮಣ್ಣಿನ ಪಟ್ಟಿ ಕಂಡರೆ ಅಲ್ಲಿ ಮನೆ ಬೇಡ. ಬೇರೆ ಕಡೆಯೂ ಧರೆಯ ಎತ್ತರದಷ್ಟಾದರೂ ದೂರ ಬಿಟ್ಟು ಕಟ್ಟಿ, ಧರೆಯ ನೆತ್ತಿಯಲ್ಲಿ ಅಡ್ಡ ಕಾಲುವೆ ತೋಡಿ ನೀರನ್ನು ಬದಿಗೆ ತಿರುಗಿಸಿ. ಎತ್ತರದ ಧರೆಯಾದರೆ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ.

ಮಾಡಿನ ನೆತ್ತಿ ಉತ್ತರ ದಕ್ಷಿಣಕ್ಕೆ ಇರಲಿ. ಮಳೆ ಬಡಿಯುವುದು ಪಶ್ಚಿಮ, ನೈಋತ್ಯದಿಂದ. ಆ ಬದಿಗೆ ಸೂರು ಬಂದರೆ ಗೋಡೆ ಉಳಿಯುತ್ತದೆ, ಮುಕ್ಕೋನದ ತುದಿಗೋಡೆ ಬಂದರೆ ನೆತ್ತಿಯವರೆಗೂ ನೆನೆಯುತ್ತದೆ.

ಪಂಚಾಂಗಕ್ಕೆ ಎರಡೂವರೆ ಅಡಿ ಅಗಲದ ಕಾಲುವೆಯನ್ನು ಗಟ್ಟಿ ಮಣ್ಣು ಸಿಗುವವರೆಗೆ ತೋಡಿ. ಸಾಮಾನ್ಯವಾಗಿ ಎರಡೂವರೆಯಿಂದ 3 ಅಡಿ. ನೆಲದ ಕೆಳಗೆ ಕಪ್ಪುಕಲ್ಲು ಹಾಕಿ. ನೀರು ನಿಲ್ಲುವ ಜಾಗದಲ್ಲಿ ಚಿರೆಕಲ್ಲು ಕ್ರಮೇಣ ಮೆತ್ತಗಾಗುತ್ತದೆ. ನೆಲಮಟ್ಟದಿಂದ ಮೇಲೆ ಕನಿಷ್ಠ 2 ಅಡಿ, ಗದ್ದೆ ಬಯಲಾದರೆ 3 ಅಡಿ ಏರಿಸಿ. ಅದರ ಮೇಲೆ ಗೋಡೆಯುದ್ದಕ್ಕೂ 4 ಇಂಚು ದಪ್ಪದ ಕಾಂಕ್ರೀಟ್ ಪಟ್ಟಿ: ಸಿಮೆಂಟ್ 1, ಮರಳು 2, ಜಲ್ಲಿ 4, ಒಳಗೆ 10 ಮಿ.ಮೀ. ಸರಳು ಎರಡು. ಮೂಲೆಗಳಲ್ಲಿ ಸರಳು ಬಾಗಿಸಿ ಒಂದರ ಮೇಲೊಂದು ಬರಬೇಕು. ನಮ್ಮ ಮನೆಗೆ ಒಂದು ಪಟ್ಟಿಗೆ 5ರಿಂದ 6 ಚೀಲ ಸಿಮೆಂಟ್, 50 ಕಿಲೋ ಸರಳು. ಇಂಥದೇ ಪಟ್ಟಿ ಬಾಗಿಲು ಕಿಟಕಿಗಳ ಮೇಲೂ ಒಂದು ಸುತ್ತು ಬರಬೇಕು. ಕಾರವಾರ ಭೂಕಂಪ ನಕ್ಷೆಯ 3ನೇ ವಲಯದಲ್ಲಿದೆ. ಮಣ್ಣು ಕಲ್ಲಿನ ಗೋಡೆಗಳನ್ನು ಪೆಟ್ಟಿಗೆಯ ಹಾಗೆ ಬಿಗಿಹಿಡಿಯುವುದು ಈ ಎರಡು ಪಟ್ಟಿಗಳೇ, ಇಲ್ಲಿ ಉಳಿತಾಯ ಮಾಡಬೇಡಿ. ಕೆಳಗಿನ ಪಟ್ಟಿ ಒಣಗಿದ ಮೇಲೆ ಬಿಸಿ ಡಾಂಬರು ಎರಡು ಸಲ ಬಳಿದರೆ ನೆಲದ ತೇವ ಗೋಡೆಗೆ ಏರುವುದಿಲ್ಲ.

ಕರಾವಳಿಯಲ್ಲಿ ಸರಳಿಗೆ ಉಪ್ಪೇ ಶತ್ರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕರ ಅಳಿವೆಯಲ್ಲೂ ಉಬ್ಬರದ ಉಪ್ಪುನೀರು ಒಳಗೆ ಬರುತ್ತದೆ. ಅಲ್ಲಿನ ಮರಳನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಉಪ್ಪೆನಿಸಿದರೆ ಸಿಹಿನೀರಲ್ಲಿ ಎರಡು ಮೂರು ಸಲ ತೊಳೆಯದೆ ಕಾಂಕ್ರೀಟಿಗೆ ಹಾಕಬೇಡಿ. ಬಾವಿ ನೀರು ಸವುಳಾದರೂ ಇದೇ ಮಾತು. ಸರಳಿನ ಸುತ್ತ ಎಲ್ಲ ಕಡೆ ಒಂದೂವರೆ ಇಂಚು ಕಾಂಕ್ರೀಟ್ ಇರಬೇಕು, ಕೆಳಗೆ ಸಣ್ಣ ಕಲ್ಲು ಕೊಡದೆ ಸರಳು ಹಲಗೆಗೆ ತಾಗಿ ಕೂತರೆ ಕೆಲವೇ ವರ್ಷಗಳಲ್ಲಿ ತುಕ್ಕು ಉಬ್ಬಿ ಪಟ್ಟಿ ಸೀಳುತ್ತದೆ.

ಗೋಡೆ: ಘಟ್ಟದ ಕೆಳಗೆ ಕಲ್ಲು, ಮೇಲೆ ಮಣ್ಣು

ಕುಮಟಾ, ಹೊನ್ನಾವರ, ಭಟ್ಕಳ, ಅಂಕೋಲಾದ ಕಡೆ ಪೂರ್ತಿ ಚಿರೆಕಲ್ಲಿನ ಗೋಡೆಯೇ ಅಗ್ಗ, ಕ್ವಾರಿ ಹತ್ತಿರವಿರುತ್ತದೆ. 15 ಇಂಚು ಉದ್ದ, 9 ಇಂಚು ಅಗಲ, 7 ಇಂಚು ಎತ್ತರದ ಕಲ್ಲಾದರೆ ನೂರು ಚದರ ಅಡಿ ಗೋಡೆಗೆ ಸುಮಾರು 124. ಬಾಗಿಲು ಕಿಟಕಿ ಕಳೆದು ನಮ್ಮ ಮನೆಯ ಗೋಡೆ ಸುಮಾರು 1,000 ಚದರ ಅಡಿ, ಒಡೆಯುವುದು ಸೇರಿ 1,350 ಕಲ್ಲು. ಗಾರೆಗೆ ಸಿಮೆಂಟ್ 1, ಜರಡಿ ಹಿಡಿದ ಕೆಮ್ಮಣ್ಣು 2, ಮರಳು 6. ಮಣ್ಣು ಸೇರಿದ್ದರಿಂದ ಗಾರೆ ಅಂಟಾಗಿ ಕೈಗೆ ಒಗ್ಗುತ್ತದೆ, 10–12 ಚೀಲ ಸಿಮೆಂಟಿನಲ್ಲಿ ಗೋಡೆ ಮುಗಿಯುತ್ತದೆ. ಕಲ್ಲನ್ನು ನೀರಲ್ಲಿ ಅದ್ದಿಯೇ ಇಡಬೇಕು. ಒಣಕಲ್ಲು ಗಾರೆಯ ನೀರನ್ನೆಲ್ಲ ಹೀರಿ, ಮರುದಿನ ಕೈಯಿಂದ ಎತ್ತಿದರೆ ಹಾಗೇ ಎದ್ದು ಬರುತ್ತದೆ. ದಿನಕ್ಕೆ 3 ಅಡಿಗಿಂತ ಎತ್ತರ ಏರಿಸಬೇಡಿ. ಅಂಕಣದ ಅಡ್ಡಗೋಡೆ ಹೊರಗೋಡೆಯೊಂದಿಗೆ ಒಟ್ಟಿಗೆ, ಹಲ್ಲು ಕಚ್ಚಿದ ಹಾಗೆ ಏರಬೇಕು. ಆಮೇಲೆ ತಂದು ತಾಗಿಸಿದರೆ ಆ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಬಿರುಕು ಖಂಡಿತ.

ಶಿರಸಿ ಸೀಮೆಯಲ್ಲಿ ಕಲ್ಲಿಗೆ ಲಾರಿ ಬಾಡಿಗೆಯೇ ಭಾರ. ಅಲ್ಲಿ ಕೆಳಗಿನ 3 ಅಡಿ ಮಾತ್ರ ಚಿರೆಕಲ್ಲು, ಸುಮಾರು 420. ಮೇಲೆ ಸ್ವಂತ ಜಾಗದ ಮಣ್ಣಿನಿಂದ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆ. ಸೂರಿನಿಂದ ಬಿದ್ದ ನೀರು ಸಿಡಿಯುವುದು ಈ 3 ಅಡಿಯೊಳಗೇ.

ಮಣ್ಣು ಒಳ್ಳೆಯದೇ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಮೇಲಿನ ಒಂದೂವರೆ ಅಡಿ ಕಪ್ಪು ಮಣ್ಣು ತೆಗೆದುಹಾಕಿ, ಅದರಲ್ಲಿ ಬೇರು, ಎಲೆ ಕೊಳೆತಿರುತ್ತದೆ. ಕೆಳಗಿನ ಕೆಮ್ಮಣ್ಣನ್ನು ಒಂದು ಹಿಡಿ ತೆಗೆದು, ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗುವಷ್ಟು ಮಾತ್ರ ನೀರು ಚಿಮುಕಿಸಿ. ಲಿಂಬೆಗಿಂತ ದೊಡ್ಡ ಉಂಡೆ ಕಟ್ಟಿ. ಅಂಗೈಗೆ ಮಣ್ಣು ಮೆತ್ತಿಕೊಂಡರೆ ನೀರು ಹೆಚ್ಚಾಯಿತು. ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಮಣ್ಣೂ ನೀರೂ ಸರಿ. ಚಪ್ಪಟೆಯಾಗಿ ಒಡೆಯದೆ ಕೂತರೆ ಜಿಗುಟು ಜಾಸ್ತಿ: ಮರಳು ಅಥವಾ ಚಿರೆಕಲ್ಲು ಕ್ವಾರಿಯ ಪುಡಿ ಬೆರೆಸಿ. ಪುಡಿಪುಡಿಯಾಗಿ ಚೆಲ್ಲಿದರೆ ಜಿಗುಟು ಸಾಲದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಈ ಬಗೆಯ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಕೈಯಿಂದ ಒತ್ತುವ ಯಂತ್ರದಲ್ಲಿ 230×190×100 ಮಿ.ಮೀ. ಇಟ್ಟಿಗೆ ಬರುತ್ತದೆ, ಒಂದಕ್ಕೆ ಸುಮಾರು 8 ಕಿಲೋ. ತೂಕದಲ್ಲಿ ನೂರಕ್ಕೆ 7 ಪಾಲು ಸಿಮೆಂಟ್ ಹಾಕಿದರೆ ಚೀಲಕ್ಕೆ ಸುಮಾರು 90 ಇಟ್ಟಿಗೆ. ಮೇಲಿನ ಗೋಡೆಗೆ 2,600 ಇಟ್ಟಿಗೆ, ಅಂದರೆ 29 ಚೀಲ. ಇಟ್ಟಿಗೆ ಕೆಡುವುದು ಎರಡು ಕಾರಣಕ್ಕೆ. ಒಂದು, ಬೆಳಿಗ್ಗೆ ಇಡೀ ದಿನಕ್ಕೆ ಬೇಕಾದಷ್ಟು ಕಲಸಿಡುವುದು. ಸಿಮೆಂಟ್ ಸೇರಿದ ಅರ್ಧ ಗಂಟೆಯೊಳಗೆ ಒತ್ತಿ ಮುಗಿಯುವಷ್ಟೇ ಕಲಸಬೇಕು. ಎರಡು, ಬಿಸಿಲಲ್ಲಿ ಒಣಗಿಸುವುದು. ಹಸಿ ಇಟ್ಟಿಗೆಗೆ ಬೇಕಾದ ಬಿಸಿಲು ಇದಕ್ಕೆ ಬೇಡ, ನೆರಳಲ್ಲಿ ಒಟ್ಟಿ, ಹುಲ್ಲು ಅಥವಾ ಗೋಣಿ ಹೊದೆಸಿ, ಮೂರು ವಾರ ದಿನಕ್ಕೆ ಎರಡು ಸಲ ನೀರು ಚಿಮುಕಿಸಬೇಕು.

ಮಾಡು ಹೊದೆಸುವುದು

ಗೋಡೆಯ ಮೇಲಿನ ತೊಲೆಯನ್ನು ಸುಮ್ಮನೆ ಇಡಬೇಡಿ. ಬಾಗಿಲ ಮೇಲಿನ ಕಾಂಕ್ರೀಟ್ ಪಟ್ಟಿಯಿಂದಲೇ 4 ಅಡಿಗೊಂದು ಬೋಲ್ಟಿನ ಸರಳು ಎಬ್ಬಿಸಿ ಗೋಡೆಯ ಮೂಲಕ ತಂದು ತೊಲೆಗೆ ಬಿಗಿಯಬೇಕು. ಸಮುದ್ರದ ಕಡೆಯ ಬಿರುಗಾಳಿ ಮಾಡನ್ನು ಒತ್ತುವುದಕ್ಕಿಂತ ಸೂರಿನಡಿ ನುಗ್ಗಿ ಎತ್ತುವುದೇ ಹೆಚ್ಚು. ಮೊಳೆ, ಬೋಲ್ಟು ಸತು ಲೇಪದ್ದಿರಲಿ.

ರೀಪಿನ ಅಂತರವನ್ನು ಪುಸ್ತಕದ ಅಳತೆ ನೋಡಿ ಹೊಡೆಯಬೇಡಿ. ನಿಮ್ಮ ರಾಶಿಯ ಎಂಟು ಹಂಚನ್ನು ನೆಲದ ಮೇಲೆ ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಮೊದಲನೆಯದರ ಗೂಟದಿಂದ (ರೀಪಿಗೆ ಸಿಕ್ಕಿಕೊಳ್ಳುವ ಉಬ್ಬಿನಿಂದ) ಎಂಟನೆಯದರ ಗೂಟದವರೆಗೆ ಅಳೆದು ಏಳರಿಂದ ಭಾಗಿಸಿ. ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ. ಬಂದ ಅಳತೆಗೆ ಎರಡು ಮರದ ತುಂಡು ಕತ್ತರಿಸಿ ಆಚಾರಿಯವರ ಕೈಗೆ ಕೊಟ್ಟರೆ ಪ್ರತಿ ರೀಪಿಗೂ ಟೇಪು ಹಿಡಿಯಬೇಕಿಲ್ಲ. ಸೂರಿನ ತುದಿಯ ರೀಪು ಉಳಿದವಕ್ಕಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು. ಇಲ್ಲದಿದ್ದರೆ ಮೊದಲ ಸಾಲಿನ ಹಂಚು ಮೂಗು ತಗ್ಗಿಸಿ, ಎರಡನೇ ಸಾಲಿನ ಕೆಳಗೆ ಸಂದು ಬಿಟ್ಟು, ಪಶ್ಚಿಮದ ಇರಚಲು ನೇರ ಒಳಗೆ ಬರುತ್ತದೆ.

ಹಂಚನ್ನು ಎರಡೂ ಬದಿಗೆ ಸಮನಾಗಿ ಏರಿಸುತ್ತಾ ಹೋಗಿ. ಒಂದೇ ಬದಿ ಮುಗಿಸಿದರೆ ತೊಲೆ ವಾಲುತ್ತದೆ. ಸೂರಿನ ಎರಡು ಸಾಲು, ತುದಿಗೋಡೆಯ ಮೇಲಿನ ಎರಡು ಸಾಲಿನ ಹಂಚನ್ನು ತಂತಿಯಿಂದ ರೀಪಿಗೆ ಕಟ್ಟಿ. ನೆತ್ತಿಯ ಹಂಚಿಗೆ ಬರಿ ಸಿಮೆಂಟ್ ಗಾರೆ ಹಾಕಿದರೆ ಮರ ಹಿಗ್ಗಿ ಕುಗ್ಗುವಾಗ ಒಡೆಯುತ್ತದೆ. ಸುಣ್ಣ ಸೇರಿಸಿದ ಗಾರೆ, ಅಂದರೆ ಸಿಮೆಂಟ್ 1, ಸುಣ್ಣ 1, ಮರಳು 6, ಹೆಚ್ಚು ಕಾಲ ಬರುತ್ತದೆ.

ಮಂಗನ ಕಾಟ ಇರುವಲ್ಲಿ ಮಾಡಿನ ಮೇಲೆ ಬಾಗಿದ ಕೊಂಬೆಗಳನ್ನು ಆದಷ್ಟು ದೂರಕ್ಕೆ ಕಡಿಯಬೇಕು. ಹಾರಿ ಬಂದು ಬೀಳುವಾಗಲೇ ಹಂಚು ಒಡೆಯುವುದು, ಓಡಾಡುವಾಗ ಅಲ್ಲ.

ಗಾರೆ ಮತ್ತು ನೆಲ

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮೆತ್ತಬೇಡಿ. ಮಳೆಗಾಲದಲ್ಲಿ ಗೋಡೆ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟಿನ ಚರ್ಮ ಆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಟ್ಟಿದರೆ ಪೊಳ್ಳು ಸದ್ದು, ಆಮೇಲೆ ಹಲಗೆ ಹಲಗೆಯಾಗಿ ಉದುರಿ ಜೊತೆಗೆ ಒಂದು ಇಂಚು ಮಣ್ಣನ್ನೂ ಎಳೆದುಕೊಂಡು ಬರುತ್ತದೆ.

ಒಳಗೆ ಮಣ್ಣಿನ ಗಾರೆ ಸಾಕು: ಜರಡಿ ಹಿಡಿದ ಕೆಮ್ಮಣ್ಣು 2, ಮರಳು 3, ಎರಡು ಇಂಚಿಗೆ ಕತ್ತರಿಸಿದ ಭತ್ತದ ಹುಲ್ಲು ಅರ್ಧ, ಸಗಣಿ ಅರ್ಧ. ಒಂದು ವಾರ ಕೊಳೆಸಿ, ದಿನಾ ತುಳಿದು, ಮೊದಲ ಸಲ ಮುಕ್ಕಾಲು ಇಂಚು, ಬಿರುಕು ಬಿಟ್ಟು ಒಣಗಿದ ಮೇಲೆ ಹುಲ್ಲಿಲ್ಲದ ತೆಳು ಗಾರೆ ಎರಡನೇ ಸಲ. ಮೇಲೆ ಶೇಡಿ ಬಳಿದರೆ ಕೋಣೆ ಬೆಳಕಾಗುತ್ತದೆ.

ಹೊರಗೆ ಸುಣ್ಣದ ಗಾರೆ. ಅಘನಾಶಿನಿ ಅಳಿವೆಯ ಚಿಪ್ಪಿನ ಸುಣ್ಣ ಸಿಕ್ಕರೆ ಉತ್ತಮ. ಸುಟ್ಟ ಸುಣ್ಣವನ್ನು ನೀರಿರುವ ತೊಟ್ಟಿಗೆ ಸ್ವಲ್ಪ ಸ್ವಲ್ಪ ಹಾಕಬೇಕು, ಸುಣ್ಣದ ರಾಶಿಗೆ ನೀರು ಸುರಿಯಬಾರದು. ಕುದ್ದು ಸಿಡಿದರೆ ಕಣ್ಣು ಹೋಗುತ್ತದೆ, ಕನ್ನಡಕ ಹಾಕದೆ ಯಾರನ್ನೂ ಹತ್ತಿರ ಬಿಡಬೇಡಿ. ಮೂರು ವಾರ ನೀರಿನಡಿ ಮಾಗಿದ ಸುಣ್ಣ 1ಕ್ಕೆ ಮರಳು 3, ಕಲಸಲು ಬೆಲ್ಲದ ನೀರು. ಅರ್ಧ ಇಂಚಿಗಿಂತ ದಪ್ಪ ಒಂದೇ ಸಲ ಹಾಕಬೇಡಿ, ಒಂದು ವಾರ ಗೋಣಿ ಇಳಿಬಿಟ್ಟು ತೇವ ಕಾಯಿರಿ. ಸುಣ್ಣ ಗಟ್ಟಿಯಾಗಲು ಗಾಳಿ ಬೇಕು, ಸಮಯ ಬೇಕು. ಮೇ ಕೊನೆಯಲ್ಲಿ ಹಾಕಿದ ಗಾರೆ ಜೂನ್ ಮಳೆಗೆ ಹಾಲಿನ ಹಾಗೆ ಇಳಿದು ಹೋಗುತ್ತದೆ.

ನೆಲಕ್ಕೆ ಮಣ್ಣನ್ನು 4 ಇಂಚಿನ ಪದರಗಳಲ್ಲಿ ದಮ್ಮಸ್ಸು ಹೊಡೆದು, ಮೇಲೆ ಒಡೆದ ಹಂಚಿನ ಚೂರು, ಸುಣ್ಣ, ಮರಳಿನ 3 ಇಂಚಿನ ಹಾಸು. ಕೆಂಪು ನೆಲ ಬೇಕಿದ್ದರೆ 50 ಕಿಲೋ ಸಿಮೆಂಟಿಗೆ 5 ಕಿಲೋ ರೆಡ್ ಆಕ್ಸೈಡ್. ಒಂದು ಕೋಣೆಗೆ ಬೇಕಾದ ಪುಡಿ ಪೂರ್ತಿ ಒಣಗಿದ್ದಾಗಲೇ ಒಟ್ಟಿಗೆ ಬೆರೆಸಿಡಿ. ಬುಟ್ಟಿ ಬುಟ್ಟಿಗೆ ಬೇರೆ ಬೆರೆಸಿದರೆ ನೆಲದ ಮೇಲೆ ತೇಪೆ ಕಾಣುತ್ತದೆ. ಬಚ್ಚಲು, ಪಾಯಖಾನೆಯನ್ನು ಮಣ್ಣಿನ ಗೋಡೆಗೆ ತಾಗಿಸದೆ ಚಿರೆಕಲ್ಲು ಮತ್ತು ಸಿಮೆಂಟಿನಲ್ಲಿ ಬೇರೆಯಾಗಿ ಕಟ್ಟಿ, ಗುಂಡಿ ಬಾವಿಯಿಂದ 50 ಅಡಿ ದೂರವಿರಲಿ.

ಮೊದಲ ಮಳೆ

ಈ ಮಾಡು ನೆಲದ ಮೇಲೆ 720 ಚದರ ಅಡಿ ಮುಚ್ಚುತ್ತದೆ. 3,000 ಮಿ.ಮೀ. ಮಳೆಯಾದರೆ ಎರಡೂ ಸೂರಿನಿಂದ ಇಳಿಯುವ ನೀರು ಸುಮಾರು 2 ಲಕ್ಷ ಲೀಟರ್. ಅದು ಬೀಳುವ ಗೆರೆಯಲ್ಲೇ ಒಂದೂವರೆ ಅಡಿ ಅಗಲದ ಕಲ್ಲು ಹಾಸಿದ ಕಾಲುವೆ ಮೇ ತಿಂಗಳೊಳಗೆ ಆಗಿರಲಿ, ಪಂಚಾಂಗದಿಂದ ಹೊರಕ್ಕೆ ಇಳಿಜಾರು ಕೊಟ್ಟು. ಪಶ್ಚಿಮದ ಗೋಡೆಗೆ ಮೊದಲ ಎರಡು ಮಳೆಗಾಲ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಗೋಡೆಯಿಂದ ಒಂದು ಅಡಿ ದೂರಕ್ಕೆ, ನಡುವೆ ಗಾಳಿ ಆಡುವ ಹಾಗೆ.

ಮೊದಲ ಜೋರು ಮಳೆಯ ರಾತ್ರಿ ಬ್ಯಾಟರಿ ಹಿಡಿದು ಒಳಗಿನಿಂದ ಪ್ರತಿ ಅಂಕಣದ ಹಂಚಿನ ಸಾಲು ನೋಡಿ. ತೊಟ್ಟಿಕ್ಕುವ ಹಂಚಿನ ಕೆಳಗಿನ ರೀಪಿಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ನೀರು ಕಂಡ ಜಾಗಕ್ಕಿಂತ ಒಂದೆರಡು ಸಾಲು ಮೇಲೆ ತಪ್ಪು ಇರುತ್ತದೆ. ಹಂಚು ಸರಿದಿರಬಹುದು, ಗಾಡಿಯಲ್ಲಿ ಎಲೆ ಕಟ್ಟಿರಬಹುದು. ಒದ್ದೆ ಮಾಡಿನ ಮೇಲೆ ಹತ್ತಬೇಡಿ. ಮಳೆ ನಿಂತ ಹಗಲು, ಒಳಗಿನಿಂದಲೇ ಏಣಿ ಇಟ್ಟು ಮೇಲಿನ ಹಂಚನ್ನು ಕೈಯಿಂದ ಎತ್ತಿ, ಕೆಳಗಿನದನ್ನು ಜಾರಿಸಿ ಬದಲಿಸಬಹುದು. ಅದಕ್ಕೆಂದೇ ಅದೇ ಗುರುತಿನ ನೂರು ಹಂಚು ಜಗಲಿಯ ಕೊನೆಯಲ್ಲಿ, ಗೋಡೆಗೆ ಒರಗಿಸಿ ನಿಲ್ಲಿಸಿಟ್ಟಿರಿ.